ಕಾಗೆಕಣ್ಣಿಲ್ಲದ ಚೂಡಿ

ಒಂದು ಕಳೆಗಿಡದ ಸಲುವಾಗಿ ನಾನು ಎರಡು ವಾರ ನೆಮ್ಮದಿ ಕಳೆದುಕೊಂಡಿದ್ದೆ ಅಂದರೆ ಈಗ ನನಗೇ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಆಗ ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ, ಅದರಲ್ಲೂ ಸಸ್ಯಶಾಸ್ತ್ರ. ಎಲೆ ನೋಡಿದರೆ ಸಾಕು, ಗಿಡದ ಕುಲಗೋತ್ರ ಹೇಳುತ್ತೇನೆ ಎಂದು ಮನೆಯಲ್ಲಿ ಜಂಬ ಕೊಚ್ಚುತ್ತಿದ್ದವಳು. ಅಂಥವಳಿಗೆ ಹೊನ್ನಾವರದ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ಮನುಷ್ಯನ ಜೀವ, ನಾನು ಕೀಳದೆ ಬಿಟ್ಟ ಗಿಡದಿಂದಲೇ ಹೋಗುತ್ತದೆ ಎಂದು ಖಾತ್ರಿಯಾಗಿಬಿಟ್ಟಿತ್ತು. ಓದಿದ್ದೆಲ್ಲ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಆ ಗಿಡಕ್ಕೆ ನಮ್ಮ ಮನೆಯಲ್ಲಿ ಕಾಗೆಕಣ್ಣು ಅನ್ನುತ್ತೇವೆ. ನಮ್ಮ ಹೂವಿನ ಗಿರಾಕಿಗಳು ಕೊಂಕಣಿಯಲ್ಲಿ ಕಾಯ್ಳ್ಯಾ ದೋಳೊ ಅನ್ನುತ್ತಾರೆ, ಅರ್ಥ ಅದೇ. ಮಳೆಗಾಲದಲ್ಲಿ ಗದ್ದೆಯ ಹಾಳಿಯ ಮೇಲೆ, ಅಂದರೆ ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ, ಹುಲ್ಲಿನೊಳಗೆ ಅಡಗಿಕೊಂಡು ಬೆಳೆಯುತ್ತದೆ. ಬೇರೆ ದಿನಗಳಲ್ಲಿ ಅದನ್ನು ಕೇಳುವವರಿಲ್ಲ. ಶ್ರಾವಣ ಬಂತೆಂದರೆ ಮಾತ್ರ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ, ಯಾಕೆಂದರೆ ಅದಿಲ್ಲದೆ ಚೂಡಿ ಇಲ್ಲ.

ಚೂಡಿ ಅಂದರೆ ಹೆಬ್ಬೆರಳು ಗಾತ್ರದ ಒಂದು ಹೂವಿನ ಕಟ್ಟು. ಗರಿಕೆ, ರತ್ನಗಂಧಿ, ಶಂಖಪುಷ್ಪ, ಕರವೀರ, ಜೊತೆಗೆ ಹಿತ್ತಲಲ್ಲಿ, ಬೇಲಿಯಲ್ಲಿ ಸಿಗುವ ನಾಲ್ಕಾರು ಕುಡಿಗಳನ್ನು ಸೇರಿಸಿ ಬಾಳೆನಾರಿನಿಂದ ಬಿಗಿದು ಕಟ್ಟುವುದು. ಶ್ರಾವಣದ ಶುಕ್ರವಾರ, ಭಾನುವಾರ ನಮ್ಮ ಕಡೆಯ ಕೊಂಕಣಿ ಮನೆಗಳಲ್ಲಿ ಮುತ್ತೈದೆಯರು ಅದನ್ನು ತುಳಸಿಗೆ, ಹೊಸ್ತಿಲಿಗೆ, ದೇವರಿಗೆ ಇಟ್ಟು ಪೂಜೆ ಮಾಡುತ್ತಾರೆ. ಗಂಡನ ಆಯುಷ್ಯ ಗಟ್ಟಿಯಾಗಿರಲಿ ಎಂದು ಬೇಡಿಕೊಳ್ಳುತ್ತಾರೆ. ಉಳಿದ ಚೂಡಿಗಳನ್ನು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಹಿರಿಯರು ದೂರದ ಊರಿನಲ್ಲಿದ್ದರೆ ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಹೋಗಿ ಮುಟ್ಟುವಾಗ ಅದು ಒಣಗಿ ಹುಲ್ಲಿನ ಕಡ್ಡಿಯಾಗಿರುತ್ತದೆ, ಆದರೂ ಪಡೆದವರು ಕಣ್ಣಿಗೊತ್ತಿಕೊಳ್ಳುತ್ತಾರೆ.

ನಮ್ಮಲ್ಲಿ ಈ ಪೂಜೆ ಇಲ್ಲ. ನಾವು ಕಟ್ಟಿಕೊಡುವವರು, ಅಷ್ಟೇ. ನನ್ನ ತಾಯಿಗೆ ನಾನು ಆಯಿ ಅನ್ನುವುದು, ಕುಮಟಾ ಪೇಟೆಯಲ್ಲಿ ಅವಳಿಗೆ ಒಂದು ಕಟ್ಟೆಯ ಮೂಲೆ ಇತ್ತು. ವರ್ಷವಿಡೀ ಅಲ್ಲಿ ಕೂತು ಹೂ ಮಾರುತ್ತಿದ್ದಳು. ಭಟ್ಕಳದ ಮಲ್ಲಿಗೆ ಬಾಳೆಲೆಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿನಲ್ಲಿ ಬರುತ್ತಿತ್ತು, ಅಬ್ಬಲಿಗೆ ನಮ್ಮ ಅಂಗಳದ್ದೇ. ಶ್ರಾವಣದಲ್ಲಿ ಮಾತ್ರ ಅವಳು ಮಲ್ಲಿಗೆಯನ್ನು ಎರಡನೇ ಪಂಕ್ತಿಗೆ ಕೂರಿಸಿ ಚೂಡಿಗೆ ಮೊದಲ ಮಣೆ ಹಾಕುತ್ತಿದ್ದಳು. ಅವಳ ಚೂಡಿಯಲ್ಲಿ ಒಂದು ಕುಡಿ ಕಮ್ಮಿ ಇದೆ ಎಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಅದೊಂದು ಅವಳ ಅಹಂಕಾರ. ಅವಳಿಗಿದ್ದ ಅಹಂಕಾರ ಅದೊಂದೇ.

ಕೊರೋನಾದ ಮೊದಲ ವರ್ಷ ಬಸ್ಸು ನಿಂತಿತು, ಮಲ್ಲಿಗೆ ನಿಂತಿತು, ಮದುವೆಗಳು ನಿಂತವು. ಭಟ್ಕಳದಲ್ಲಿ ಮಲ್ಲಿಗೆ ಬೆಳೆಯುವ ಹೆಂಗಸೊಬ್ಬಳು ಆಯಿಗೆ ಫೋನ್ ಮಾಡಿ, ದಿನವೂ ಮೊಗ್ಗು ಕೀಳುತ್ತೇನೆ, ಕಿತ್ತು ತೆಂಗಿನ ಬುಡಕ್ಕೆ ಹಾಕುತ್ತೇನೆ, ಕೀಳದೆ ಬಿಟ್ಟರೆ ಗಿಡ ಮುನಿಸಿಕೊಳ್ಳುತ್ತದೆ ಎಂದು ಹೇಳಿ ಅತ್ತಳಂತೆ. ಅಪ್ಪ ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದ. ದಿನಕ್ಕೊಮ್ಮೆ ಫೋನ್ ಮಾಡಿ, ಊಟ ಸಿಗುತ್ತದೆ, ಹೆದರಬೇಡಿ ಎಂದು ಹೇಳುತ್ತಿದ್ದ. ಅವನು ಹಾಗೆ ಹೇಳಿದಷ್ಟೂ ನಮಗೆ ಹೆದರಿಕೆ ಹೆಚ್ಚುತ್ತಿತ್ತು.

ಶ್ರಾವಣದ ಹೊತ್ತಿಗೆ ಪೇಟೆ ಬೆಳಗ್ಗೆ ಮಾತ್ರ ತೆರೆಯುತ್ತಿತ್ತು. ಆಯಿ ಕಟ್ಟೆಯ ಮೂಲೆಯಲ್ಲಿ ಹೂ ಹರವಿದ ಮೊದಲ ದಿನವೇ ಕಾವಲಿಗಿದ್ದವನೊಬ್ಬ ಬಂದು, ತರಕಾರಿಯಾದರೆ ಕೂರಬಹುದು, ಹೂವು ಅಗತ್ಯ ವಸ್ತುವಲ್ಲ ಎಂದು ಎಬ್ಬಿಸಿದ. ಹೂವಿನಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಕೇಳಿದನಂತೆ. ನಮ್ಮ ಮೂವರದ್ದು ತುಂಬುತ್ತದೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ ಎಂದು ಆಯಿ ಮನೆಗೆ ಬಂದು ಹೇಳಿದಳು. ಮರುದಿನದಿಂದ ಬುಟ್ಟಿಯ ಮೇಲೆ ಹರಿವೆ ಸೊಪ್ಪು, ಅದರ ಕೆಳಗೆ ಬಾಳೆಲೆಯಲ್ಲಿ ಸುತ್ತಿದ ಹೂ. ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟು, ಹಳೆಯ ಗಿರಾಕಿಗಳಲ್ಲಿ ಬೇಕು ಅಂದವರ ಮನೆ ಬಾಗಿಲಿಗೇ ಹೋಗಿ ಕೊಡತೊಡಗಿದಳು. ಬೇಕು ಅಂದವರು ನಾಲ್ಕೇ ಮನೆ.

ಆ ನಾಲ್ಕರಲ್ಲಿ ಪೇಟೆಯ ಹಿಂದಿನ ಓಣಿಯ ಮನೆಯೇ ಎಲ್ಲಕ್ಕಿಂತ ಹಳೆಯದು. ಗಂಡನನ್ನು ಕಳೆದುಕೊಂಡಿದ್ದ ವಯಸ್ಸಾದ ಒಬ್ಬ ಅಮ್ಮ, ಅವರ ಮಗ, ಸೊಸೆ. ಸೊಸೆ ಮದುವೆಯಾಗಿ ಬಂದು ಒಂದು ವರ್ಷವಾಗಿತ್ತಷ್ಟೆ, ಅದು ಅವಳ ಎರಡನೇ ಶ್ರಾವಣ. ಆ ಮನೆಗೆ ಹನ್ನೊಂದು ಚೂಡಿ. ಹಿಂದಿನ ಗೇಟಿನ ಹತ್ತಿರ ಹೋಗಿ ಕಬ್ಬಿಣದ ಚಿಲಕವನ್ನು ಎರಡು ಸಲ ಬಡಿಯುವುದು ಆಯಿಯ ರೂಢಿ. ಎರಡು ಸಲ ಬಡಿದರೆ ಹೂವಿನವಳು ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಅಮ್ಮ ಒಳಗಿನಿಂದಲೇ "ಬಂದ್ಯಾ?" ಎಂದು ಕೇಳುತ್ತಿದ್ದರು, ಆಯಿ ಹ್ಞೂಂ ಎಂದು ಕೂಗಿ ಗೇಟಿನ ಕಂಬದ ಮೇಲೆ ಕಟ್ಟು ಇಟ್ಟು ಬರುತ್ತಿದ್ದಳು. ಚಿಕ್ಕಂದಿನಲ್ಲಿ ಆಯಿಯ ಜೊತೆ ಹೋದಾಗ ಚಿಲಕ ಬಡಿಯುವ ಕೆಲಸ ನನ್ನದಾಗಿರುತ್ತಿತ್ತು. ನನಗೆ ಅಲ್ಲಿ ಇಷ್ಟವಾಗುತ್ತಿದ್ದದ್ದು ಅದೊಂದೇ.

ಮೊದಲ ವಾರ ಎಲ್ಲ ಸರಿಯಾಗಿ ನಡೆಯಿತು. ಎರಡನೇ ವಾರ ಆಯಿ ಗದ್ದೆಯ ಹಾಳಿಯ ಮೇಲೆ ಹಾವಸೆ ತುಳಿದು ಜಾರಿದಳು. ಕಾಲು ಉಬ್ಬಿ ನೆಲಕ್ಕೆ ಊರಲಾಗಲಿಲ್ಲ. ಗುರುವಾರ ಮಧ್ಯಾಹ್ನ ಅರಿಶಿನ ಬಳಿದುಕೊಂಡು ಕೂತು ನನಗೆ ಒಂದೊಂದೇ ಹೇಳಿದಳು. ಗರಿಕೆ ಅಲ್ಲಿ, ರತ್ನಗಂಧಿ ಇಲ್ಲಿ, ಕಾಗೆಕಣ್ಣು ಹೆದ್ದಾರಿ ದಾಟಿ ಆಚೆ ಗದ್ದೆಯಲ್ಲಿ.

ನಾನು ಹೋದೆ. ನಮ್ಮ ಮನೆ ಧಾರೇಶ್ವರದ ಹತ್ತಿರ, ಹೆದ್ದಾರಿಯಿಂದ ಸಮುದ್ರದ ಕಡೆಗೆ. ಗದ್ದೆ ಇರುವುದು ಹೆದ್ದಾರಿಯ ಆಚೆ. ಹೆದ್ದಾರಿಯಲ್ಲಿ ಒಂದು ಪೊಲೀಸ್ ಜೀಪು ನಿಂತಿತ್ತು. ಜೀಪಿನಲ್ಲಿದ್ದವರು ನನ್ನನ್ನು ತಡೆದರು ಎಂದೇನಾದರೂ ಬರೆದರೆ ಸುಳ್ಳಾಗುತ್ತದೆ. ಅವರು ನನ್ನ ಕಡೆ ನೋಡಲೂ ಇಲ್ಲ. ನಾನೇ ದೂರದಿಂದ ನೋಡಿ ಹೆದರಿದೆ, ಮತ್ತು ಆ ಹೆದರಿಕೆಯ ಜೊತೆ ಸೋಮಾರಿತನವೂ ಸೇರಿತು. ಮಳೆ ಬೇರೆ ಹಿಡಿಯುವ ಹಾಗಿತ್ತು. ಒಂದು ಕಳೆಗಿಡಕ್ಕಾಗಿ ಇಷ್ಟೆಲ್ಲ ಯಾಕೆ ಎಂದು ಮನಸ್ಸಿನಲ್ಲೇ ಜೋರು ಮಾಡಿಕೊಂಡು ವಾಪಸು ಬಂದೆ.

ನಮ್ಮ ಬಚ್ಚಲಿನ ಹಿಂದೆ ಹೆಚ್ಚುಕಮ್ಮಿ ಹಾಗೆಯೇ ಕಾಣುವ ಇನ್ನೊಂದು ಗಿಡ ಬೆಳೆದಿತ್ತು. ಅದೇ ಗಾತ್ರದ ಎಲೆ, ಸುಮಾರು ಅದೇ ಬಣ್ಣ. ಅದು ಬೇರೆಯೇ ಜಾತಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಕಿತ್ತು ತಂದು ಕಟ್ಟಿದೆ. ಆಯಿ ಒಳಗೆ ಚಾಪೆಯ ಮೇಲೆ ಒರಗಿದ್ದವಳು "ಕಾಗೆಕಣ್ಣು ಸಿಕ್ತಾ?" ಎಂದು ಕೇಳಿದಳು. ಸಿಕ್ಕಿತು ಎಂದೆ. ಅಷ್ಟು ಸಲೀಸಾಗಿ ನಾನು ಅದಕ್ಕೂ ಮೊದಲು ಸುಳ್ಳು ಹೇಳಿದ್ದು ನೆನಪಿಲ್ಲ.

ಶುಕ್ರವಾರ ಬೆಳಗ್ಗೆ ತರಕಾರಿ ಟೆಂಪೋದಲ್ಲಿ ಹೋಗಿ ನಾಲ್ಕೂ ಮನೆಗೆ ಕೊಟ್ಟು ಬಂದೆ. ಹಿಂದಿನ ಓಣಿಯ ಮನೆಯ ಚಿಲಕ ಎರಡು ಸಲ ಬಡಿದೆ. "ಬಂದ್ಯಾ?" ಎಂದರು ಅಮ್ಮ. ದನಿ ಸ್ವಲ್ಪ ಕುಗ್ಗಿದ ಹಾಗೆ ಅನಿಸಿತು, ಆದರೆ ನಾನು ಟೆಂಪೋ ತಪ್ಪೀತು ಎಂಬ ಗಡಿಬಿಡಿಯಲ್ಲಿದ್ದೆ.

ಭಾನುವಾರಕ್ಕೂ ಅದೇ ಬಚ್ಚಲ ಹಿಂದಿನ ಗಿಡವೇ ಆಯಿತು. ಒಮ್ಮೆ ದಕ್ಕಿದ್ದು ಮತ್ತೊಮ್ಮೆ ದಕ್ಕುತ್ತದೆ ಎಂಬ ಧೈರ್ಯ. ಬುಟ್ಟಿ ಹೊತ್ತುಕೊಂಡು ಪೇಟೆಯಿಂದ ತಿರುಗಿದಾಗ ಆ ಓಣಿಯ ಬಾಯಿಗೆ ಅಡ್ಡಡ್ಡ ಬಿದಿರು ಕಟ್ಟಿತ್ತು. ಸೀಲ್‌ಡೌನ್. ಪಕ್ಕದ ಅಂಗಡಿಯವನು ಮುಖಗವಸಿನ ಒಳಗಿನಿಂದಲೇ ಹೇಳಿದ: ನಿನ್ನೆ ಆ ಮನೆಯ ಮಗನನ್ನು ಆಂಬುಲೆನ್ಸಿನಲ್ಲಿ ಹೊನ್ನಾವರಕ್ಕೆ ಒಯ್ದರು, ಉಸಿರು ಸಿಗುತ್ತಿರಲಿಲ್ಲ. ಸೊಸೆಗೂ ಇದೆಯಂತೆ, ಅವಳನ್ನೂ ಕರೆದೊಯ್ದರು. ಮುದುಕಿಗೆ ಬಂದಿಲ್ಲ, ಒಬ್ಬಳೇ ಇದ್ದಾಳೆ.

ನಾನು ಅಲ್ಲೇ ನಿಂತೆ. ಬುಟ್ಟಿಯಲ್ಲಿ ಹರಿವೆಯ ಕೆಳಗೆ ಹನ್ನೊಂದು ಸುಳ್ಳು ಚೂಡಿಗಳಿದ್ದವು. ಶುಕ್ರವಾರ ಆ ಸೊಸೆ ಗಂಡನ ಆಯುಷ್ಯಕ್ಕೆ ಅಂತ ನನ್ನ ಚೂಡಿ ಇಟ್ಟು ಬೇಡಿಕೊಂಡಿದ್ದಾಳೆ, ಶನಿವಾರ ಗಂಡನ ಉಸಿರು ನಿಲ್ಲುವ ಹಾಗಾಗಿದೆ. ಒಂದಕ್ಕೊಂದು ಸಂಬಂಧವಿಲ್ಲ ಎಂದು ತಲೆ ಹೇಳುತ್ತಿತ್ತು. ತಲೆಯ ಮಾತನ್ನು ಯಾರು ಕೇಳುತ್ತಾರೆ?

ಓಣಿಯ ಹಿಂದೆ ಗಟಾರದ ಪಕ್ಕದಿಂದ ಒಂದು ಕಾಲುದಾರಿ ಇದೆ, ಅದಕ್ಕೆ ಬಿದಿರು ಇರಲಿಲ್ಲ. ಹೋದೆ. ಗೇಟಿನ ಹತ್ತಿರ ನಿಂತಾಗ ಚಿಲಕ ಮುಟ್ಟಲು ಕೈ ಬರಲಿಲ್ಲ. ಬಡಿದರೆ ಅಮ್ಮ ಬರುತ್ತಾರೆ, ಬಂದರೆ ನನ್ನ ಮುಖ ನೋಡುತ್ತಾರೆ, ನೋಡಿದರೆ ಗೊತ್ತಾಗಿಬಿಡುತ್ತದೆ. ಸದ್ದು ಮಾಡದೆ ಕಟ್ಟನ್ನು ಕಂಬದ ಮೇಲಿಟ್ಟು ಓಡಿಬಂದೆ.

ಮನೆಗೆ ಬಂದು ಸುದ್ದಿಯನ್ನು ಹೇಳಿದೆ, ಗಿಡದ ವಿಷಯ ಹೇಳಲಿಲ್ಲ. ಆಯಿ ದೇವರ ಪಟದ ಕಡೆ ತಿರುಗಿ ಕೈ ಮುಗಿದಳು. ಮರುದಿನ ಆ ಅಮ್ಮನೇ ಫೋನ್ ಮಾಡಿದರು. ಆಯಿ ಮಾತಾಡಿದ್ದನ್ನು ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಚೂಡಿ ನಿಲ್ಲಿಸಬೇಡಿ, ಎಷ್ಟು ಕಷ್ಟವಾದರೂ ಹುಡುಗಿಯ ಕೈಯಲ್ಲಿ ಕಳಿಸಿ ಎಂದು ಹೇಳಿದರಂತೆ. ಎಂಥ ಭಕ್ತಿ ನೋಡು ಎಂದಳು ಆಯಿ. ಇಷ್ಟು ನಂಬಿಕೊಂಡಿದ್ದಾರೆ, ನಾನು ಕೊಟ್ಟದ್ದು ಬಚ್ಚಲ ಹಿಂದಿನ ಕಳೆ.

ಆ ವಾರ ನಾನು ಕಾಗೆಕಣ್ಣಿನ ಹುಚ್ಚು ಹಿಡಿದವಳ ಹಾಗೆ ಹೆದ್ದಾರಿ ದಾಟಿದೆ. ಜೀಪು ಅಲ್ಲೇ ಇತ್ತು, ಅದರ ಮುಂದಿನಿಂದಲೇ ನಡೆದೆ. ಒಂದು ಚೂಡಿಗೆ ಒಂದು ಕುಡಿ ಸಾಕು, ನಾನು ಮಡಿಲು ತುಂಬ ಕಿತ್ತು ತಂದು ಒಂದೊಂದಕ್ಕೆ ಮೂರು ಮೂರು ಸೇರಿಸಿ ಕಟ್ಟಿದೆ. ಆಯಿ ಒಂದನ್ನು ಎತ್ತಿ ನೋಡಿ, ಇದೆಂತ ಹೊರೆ ಹುಲ್ಲು ಕಟ್ಟಿದ ಹಾಗೆ ಎಂದು ಛೇಡಿಸಿದಳು. ಬಿಟ್ಟದ್ದನ್ನು ತುಂಬಿಕೊಡುತ್ತಿದ್ದೆ ನಾನು. ದೇವರಿಗೆ ಇಂಥ ಲೆಕ್ಕ ನಡೆಯುತ್ತದೋ ಇಲ್ಲವೋ ಎಂದು ಕೇಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಮೂರನೇ ಶುಕ್ರವಾರ ಹೋಗಿ ಸದ್ದಿಲ್ಲದೆ ಇಟ್ಟು ಬಂದೆ. ಭಾನುವಾರವೂ ಹಾಗೆಯೇ. ಗೇಟಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಒಳಗೆ ಬೆಳಗಿನ ಸದ್ದು ಯಾವುದೂ ಇರುತ್ತಿರಲಿಲ್ಲ, ಪಾತ್ರೆಯದ್ದಿಲ್ಲ, ರೇಡಿಯೋದ್ದಿಲ್ಲ. ಒಮ್ಮೆ ಕಿಟಕಿಯ ಪರದೆ ಅಲುಗಿದ ಹಾಗಾಯಿತು. ನಾನು ಗೋಡೆಗೆ ಅಂಟಿಕೊಂಡು ನಿಂತೆ, ಮಳೆ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಆಮೇಲೆ ಯಾರೂ ಬರಲಿಲ್ಲ, ಓಡಿದೆ.

ಮನೆಯಲ್ಲಿ ಫೋನ್ ಬಂದರೆ ಸಾಕು, ಆ ಮನೆಯ ಮಗ ಹೋದ ಸುದ್ದಿಯೇ ಎಂದು ಹೆದರುತ್ತಿದ್ದೆ. ಅಪ್ಪನ ಫೋನ್ ಬಂದರೂ ಅದೇ ಅಂದುಕೊಳ್ಳುತ್ತಿದ್ದೆ. ಆಯಿ ಎರಡು ದಿನಕ್ಕೊಮ್ಮೆ ಆ ಅಮ್ಮನಿಗೆ ಮಾಡಿ ಕೇಳುತ್ತಿದ್ದಳು. ಸೊಸೆಗೆ ಕಮ್ಮಿಯಾಗಿದೆಯಂತೆ, ಗಂಡನ ವಾರ್ಡಿನ ಹೊರಗೆ ಇದ್ದಾಳಂತೆ. ಮಗನಿಗೆ ಆಕ್ಸಿಜನ್ ಇಟ್ಟಿದ್ದಾರಂತೆ, ತೆಗೆದರಂತೆ, ಮತ್ತೆ ಇಟ್ಟರಂತೆ. ಮತ್ತೆ ಇಟ್ಟರಂತೆ ಎಂದು ಆಯಿ ಹೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಆನ್‌ಲೈನ್ ಕ್ಲಾಸಿನಲ್ಲಿ ಮೇಷ್ಟರು ಎಲೆಯ ರಚನೆ ಹೇಳುತ್ತಿದ್ದರೆ ನನಗೆ ಬಚ್ಚಲ ಹಿಂದಿನ ಆ ಗಿಡವೇ ಕಾಣುತ್ತಿತ್ತು. ಒಂದು ಮಧ್ಯಾಹ್ನ ಹೋಗಿ ಅದನ್ನು ಬುಡಸಮೇತ ಕಿತ್ತು ಎಸೆದೆ. ಗಿಡದ ತಪ್ಪೇನೂ ಇರಲಿಲ್ಲ, ಪಾಪ.

ನಾನು ಬುದ್ಧಿಯಿಂದ ಯೋಚಿಸಲು ಯತ್ನಿಸಲಿಲ್ಲ ಎಂದಲ್ಲ. ಅದೇ ಸುಳ್ಳು ಚೂಡಿ ಇನ್ನೂ ಮೂರು ಮನೆಗೆ ಹೋಗಿತ್ತು, ಆ ಮೂರೂ ಮನೆಯ ಗಂಡಸರು ಗುಂಡುಕಲ್ಲಿನ ಹಾಗೆ ಇದ್ದರು. ಅದನ್ನು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಂಡೆ. ಹೇಳಿ ಮುಗಿಯುವ ಮೊದಲೇ ಇನ್ನೊಂದು ಮಾತು ಒಳಗಿನಿಂದ ಬರುತ್ತಿತ್ತು: ಆ ಮೂವರಿಗೂ ಬರುವುದು ಇನ್ನೂ ಬಾಕಿ ಇದ್ದರೆ?

ನಾಲ್ಕನೇ ಗುರುವಾರ ಆಯಿಯ ಕಾಲು ಸ್ವಲ್ಪ ಇಳಿದಿತ್ತು. ಹೊಸ್ತಿಲ ಮೇಲೆ ಕೂತು ಅವಳೇ ಚೂಡಿ ಕಟ್ಟುತ್ತಿದ್ದಳು, ನಾನು ಒಂದೊಂದೇ ಕುಡಿ ಆರಿಸಿ ಕೊಡುತ್ತಿದ್ದೆ. ಅವಳ ಕೈ ನೋಡುತ್ತಾ ಕೂತೆ. ಗರಿಕೆ ಮೊದಲು, ಅದರ ಮೇಲೆ ಹೂ, ಕಾಗೆಕಣ್ಣನ್ನು ನಡುವೆ ಇಟ್ಟು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಆಮೇಲೆ ನಾರು ಸುತ್ತುವುದು. ಯಾರಿಗೂ ಕಾಣದ ಜಾಗದಲ್ಲಿರುತ್ತದೆ ಅದು. ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ, ಆದರೂ ಇಷ್ಟು ವರ್ಷ ಅವಳು ಒಂದು ಸಲವೂ ಬಿಟ್ಟಿರಲಿಲ್ಲ. ನನಗೆ ಅಳು ತಡೆಯಲಿಲ್ಲ. ಎಲ್ಲ ಹೇಳಿಬಿಟ್ಟೆ.

ಆಯಿ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಕೈಯಲ್ಲಿದ್ದ ಚೂಡಿ ಕಟ್ಟಿ ಮುಗಿಸಿ ತಟ್ಟೆಯಲ್ಲಿಟ್ಟಳು. ಮುಖ ಬಿಳಿಚಿಕೊಂಡಿತ್ತು. ಅವಳಿಗೂ ನನ್ನ ಹಾಗೆಯೇ ಅನಿಸಿದೆ ಎಂದು ಗೊತ್ತಾಗಿ ನನ್ನ ಹೆದರಿಕೆ ಇಮ್ಮಡಿಯಾಯಿತು.

"ನಂಗೆ ಹೇಳಿದ್ರೆ ಎಂತಾತು?" ಎಂದಳು ಕೊನೆಗೆ. "ನಾಳೆ ಅವ್ರಿಗೇ ಹೇಳು. ಗೇಟಿನ ಹೊರಗೆ ನಿಂತ್ಕಂಡು ಹೇಳು."

ಮರುದಿನ ಬೆಳಗ್ಗೆ ಟೆಂಪೋ ಕುಮಟಾ ಮುಟ್ಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಗಟಾರದ ದಾರಿಗೆ ಇಳಿದಾಗ ಎಲ್ಲ ಮರೆತುಹೋಯಿತು. ಈ ಸಲ ಚಪ್ಪಲಿ ಕಳಚಲಿಲ್ಲ. ಚಿಲಕ ಹಿಡಿದೆ, ಮಳೆಗೆ ತಣ್ಣಗಾಗಿತ್ತು. ಎರಡು ಸಲ ಬಡಿದೆ.

ಎರಡನೆಯದು ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಆ ಅಮ್ಮ ಬಾಗಿಲ ಹಿಂದೆಯೇ ನಿಂತಿದ್ದರೋ ಏನೋ. ಮೆಟ್ಟಿಲವರೆಗೆ ಬಂದು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ನಿಂತರು. ಇಷ್ಟೇ ದಿನದಲ್ಲಿ ಅವರು ಅರ್ಧವಾಗಿದ್ದರು. ತಲೆ ಬಾಚಿರಲಿಲ್ಲ. ಮಗನ ಸುದ್ದಿ ಕೇಳಲು ನನಗೆ ಬಾಯಿ ಬರಲಿಲ್ಲ. ಗೇಟಿನ ಸರಳು ಹಿಡಿದುಕೊಂಡು, ತಪ್ಪಾಗಿದೆ ಎಂದು ಶುರುಮಾಡಿ, ಜೀಪು, ಮಳೆ, ಬಚ್ಚಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಶುಕ್ರವಾರ ನಿಮ್ಮ ಸೊಸೆ ಇಟ್ಟ ಚೂಡಿಯಲ್ಲಿ ಕಾಗೆಕಣ್ಣು ಇರಲಿಲ್ಲ ಅಮ್ಮಾ, ಎಂದೆ.

ಅವರು ತಿರುಗಿ ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ, ಹಾಕಿಕೊಳ್ಳಲಿ ಎಂದೂ ಅನಿಸಿತು. ಆದರೆ ಒಂದು ಗೆರಸಿ ಹಿಡಿದುಕೊಂಡು ಹೊರಗೆ ಬಂದರು. ಅಕ್ಕಿ ಗೇರುವ ದೊಡ್ಡ ಗೆರಸಿ. ಅದನ್ನು ಮೆಟ್ಟಿಲ ಮೇಲೆ ನನಗೆ ಕಾಣುವ ಹಾಗೆ ಇಟ್ಟರು. ಅದರ ತುಂಬ ಚೂಡಿ. ಒಣಗಿದವು, ಅರ್ಧ ಒಣಗಿದವು, ಮೊನ್ನೆ ಭಾನುವಾರದವು. ಬಾಳೆನಾರಿನ ಗಂಟು ಬಿಚ್ಚಿರಲಿಲ್ಲ, ಅರಿಶಿನ ಕುಂಕುಮ ಮುಟ್ಟಿರಲಿಲ್ಲ. ನಾನು ಕಟ್ಟಿದ ಆ ವಕ್ರ ಗಂಟು ನನಗೇ ಗುರುತು ಸಿಕ್ಕಿತು.

"ಇಟ್ಟದ್ದು ಯಾರು ತಂಗಿ?" ಎಂದರು. "ಗುರುವಾರವೇ ಅವ್ನಿಗೆ ಜ್ವರ ಇತ್ತು. ನಿನ್ನ ಹೂ ಬರೂಕೆ ಮುಂಚೆ. ಶುಕ್ರವಾರ ಅವ್ಳು ಅವ್ನ ಹಾಸಿಗೆ ಬಿಟ್ಟು ಏಳ್ಲಿಲ್ಲ. ಪೂಜೆ ಆಗ್ಲೇ ಇಲ್ಲ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಗೇಟಿಗೆ ಒರಗಿದೆ. ಹದಿನಾಲ್ಕು ದಿನ ನಾನು ಹೊತ್ತು ತಿರುಗಿದ್ದ ಪಾಪ ಅಲ್ಲಿ ಗೆರಸಿಯಲ್ಲಿ ಬಿಚ್ಚದೆ ಬಿದ್ದಿತ್ತು. ನನ್ನ ಚೂಡಿ ಯಾವ ದೇವರ ಹತ್ತಿರವೂ ಹೋಗಿರಲಿಲ್ಲ. ಸಂತೋಷ ಆಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಅವರ ಮಗ ಇನ್ನೂ ಆಕ್ಸಿಜನ್ ಮೇಲಿದ್ದ. ಆದರೆ ಆಯಿತು, ತುಂಬಾ ಆಯಿತು.

ಆ ಸಂತೋಷದಲ್ಲೇ, ಹಾಗಾದರೆ ಚೂಡಿ ನಿಲ್ಲಿಸಬೇಡಿ ಎಂದು ಯಾಕೆ ಹೇಳಿದಿರಿ ಎಂದು ಕೇಳಿಬಿಟ್ಟೆ. ನಿಮ್ಮ ಸೊಸೆ ಇಲ್ಲದೆ ಪೂಜೆ ಇಲ್ಲ, ಸುಮ್ಮನೆ ಒಣಗುತ್ತಿದ್ದವಲ್ಲ ಎಂದೆ.

ಅವರು ಮೆಟ್ಟಿಲ ಮೇಲೆ ಗೆರಸಿಯ ಪಕ್ಕ ಕೂತರು. ಹಾಲಿನವನು ಪೊಟ್ಟಣವನ್ನು ಆಚೆ ಬಿದಿರಿಗೆ ಸಿಕ್ಕಿಸಿ ಹೋಗುತ್ತಾನೆ, ಮಾತಾಡಿಸುವುದಿಲ್ಲ ಎಂದರು. ಎದುರು ಮನೆಯವರು ಕಿಟಕಿ ಹಾಕಿಕೊಂಡಿದ್ದಾರೆ, ಅವರ ತಪ್ಪಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿವೆ ಎಂದರು. ಆಮೇಲೆ ಒಣಗಿದ ಒಂದು ಚೂಡಿಯನ್ನು ಎತ್ತಿ ಸುಮ್ಮನೆ ಬೆರಳಲ್ಲಿ ತಿರುಗಿಸಿದರು.

"ಫೋನು 'ಕಿಣ್' ಅಂದ್ರೆ ಆಸ್ಪತ್ರೆಯಿಂದಲೇ ಅಂತ ಎದೆ ಹಾರ್ತದೆ," ಎಂದರು. "ಈ ಮನೆಯಲ್ಲಿ ನಂಗೆ ಹೆದ್ರಿಕೆ ಇಲ್ದೆ ಕೇಳೂ ಸದ್ದು ಅಂದ್ರೆ ನಿಮ್ಮ ಚಿಲಕದ್ದು ಒಂದೇ. ಬೇಡ ಅಂದ್ರೆ ನೀವು ಬರೂದೇ ಬಿಡ್ತಿದ್ರಿ. ಶುಕ್ರವಾರ, ಭಾನುವಾರ ಬೆಳಿಗ್ಗೆ ಎದ್ದು ಬಾಗ್ಲ ಹತ್ರ ಬಂದು ಕೂರ್ತಿದ್ದೆ."

ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತಾಗಿತ್ತು.

"ಮೂರು ಸಲ ಸದ್ದೇ ಆಗ್ಲಿಲ್ಲ. ಮಧ್ಯಾಹ್ನ ಬಟ್ಟೆ ಒಣಗ್ಸೂಕೆ ಬಂದ್ರೆ ಕಂಬದ ಮೇಲೆ ಹೂ ಇತ್ತು. ನಿಮಗೂ ನಮ್ಮನೆ ಹೆದ್ರಿಕೆ ಆತು, ಇಟ್ಟು ಓಡಿ ಹೋದ್ರಿ ಅಂದ್ಕಂಡೆ." ಅಷ್ಟು ಹೇಳಿ ನನ್ನ ಮುಖ ನೋಡಿ, "ಹೋಗ್ಲಿ, ಅಳ್ಬೇಡ" ಎಂದರು.

ಬಿಟ್ಟ ಕಾಗೆಕಣ್ಣಿಗೆ ಮೂರು ಪಟ್ಟು ತುಂಬಿಕೊಟ್ಟಿದ್ದೆ. ಇದಕ್ಕೆ ಏನು ತುಂಬಿಕೊಡಲಿ? ಆ ಮೂರು ಬೆಳಗುಗಳಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದಾಗ, ಗೋಡೆಯ ಆಚೆ ಇವರು ಕಿವಿ ತೆರೆದುಕೊಂಡು ಕೂತಿದ್ದರು. ಅಲುಗಿದ್ದ ಪರದೆ ಇವರದ್ದೇ. ನಾನು ತಪ್ಪೆಂದು ಹೆದರಿದ್ದು ತಪ್ಪೇ ಆಗಿರಲಿಲ್ಲ. ಅದನ್ನು ಬಚ್ಚಿಡಲು ಮಾಡಿದ್ದೇ ತಪ್ಪಾಗಿತ್ತು, ಮತ್ತು ಅದನ್ನು ಮಾಡುವಾಗ ನನಗೆ ಒಂದು ಚೂರೂ ಹೆದರಿಕೆಯಾಗಿರಲಿಲ್ಲ, ಸಿಕ್ಕಿಬೀಳುತ್ತೇನೆ ಎನ್ನುವುದನ್ನು ಬಿಟ್ಟರೆ.

ಅವತ್ತಿನ ಕಟ್ಟನ್ನು ಕಂಬದ ಮೇಲಿಟ್ಟೆ. ಅವರು ತಾವೇ ಎದ್ದು ಬಂದು ತೆಗೆದುಕೊಂಡರು, ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ. ಟೆಂಪೋ ಹೊರಡುತ್ತದೆ ಎಂದು ಗೊತ್ತಿದ್ದರೂ ನಿಂತೇ ಇದ್ದೆ. ಆಯಿಯ ಕಾಲಿನ ವಿಷಯ ಕೇಳಿದರು, ಗೋವೆಯಲ್ಲಿದ್ದ ಅಪ್ಪನ ವಿಷಯ ಕೇಳಿದರು, ನನ್ನ ಪರೀಕ್ಷೆಯ ವಿಷಯ ಕೇಳಿದರು. ಟೆಂಪೋ ತಪ್ಪಿತು. ಧಾರೇಶ್ವರದವರೆಗೆ ಮಳೆಯಲ್ಲಿ ನಡೆದುಕೊಂಡೇ ಬಂದೆ.

ಅವರ ಮಗ ಚೌತಿಯ ಹೊತ್ತಿಗೆ ಮನೆಗೆ ಬಂದ. ಗೋಡೆ ಹಿಡಿದುಕೊಂಡು ನಡೆಯುವಷ್ಟು ಸೋತಿದ್ದ. ಈಗ ಚೆನ್ನಾಗಿದ್ದಾನೆ, ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು. ಅಪ್ಪನೂ ಊರಿಗೆ ಬಂದ. ಭಟ್ಕಳದ ಆ ಹೆಂಗಸು ಮೊಗ್ಗು ಕಿತ್ತು ತೆಂಗಿನ ಬುಡಕ್ಕೆ ಹಾಕುತ್ತಾ ಉಳಿಸಿಕೊಂಡ ಗಿಡಗಳ ಮಲ್ಲಿಗೆ ಮತ್ತೆ ಬಸ್ಸು ಹತ್ತಿತು. ಆಯಿ ಅದೇ ಕಟ್ಟೆಯ ಮೂಲೆಯಲ್ಲಿ ಕೂತಿದ್ದಾಳೆ, ಹರಿವೆ ಸೊಪ್ಪಿನ ಮರೆ ಈಗ ಬೇಕಾಗಿಲ್ಲ. ನನಗೆ ಭಟ್ಕಳದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಸಂಜೆ ಬರುವಾಗ ಒಮ್ಮೊಮ್ಮೆ ಮಲ್ಲಿಗೆಯ ಕಟ್ಟನ್ನು ನಾನೇ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತೇನೆ.

ಶ್ರಾವಣದ ಶುಕ್ರವಾರ ಮಾತ್ರ ಶಾಲೆಗೆ ಮುಂಚೆ ಕುಮಟಾಕ್ಕೆ ಹೋಗಿ ಆ ಮನೆಗೆ ಹೂ ಕೊಟ್ಟೇ ಭಟ್ಕಳದ ಬಸ್ಸು ಹತ್ತುತ್ತೇನೆ. ಕುಮಟಾ ಉತ್ತರಕ್ಕೆ, ಭಟ್ಕಳ ದಕ್ಷಿಣಕ್ಕೆ, ಇದೆಂತ ಉಲ್ಟಾ ದಾರಿ ಎಂದು ಆಯಿ ನಗುತ್ತಾಳೆ, ಬೇಡ ಎಂದು ಹೇಳುವುದಿಲ್ಲ. ಆ ಮನೆಯಲ್ಲಿ ಈಗ ಸೊಸೆ ಪೂಜೆಗೆ ಹೊಸ್ತಿಲು ತೊಳೆದು ಕಾಯುತ್ತಿರುತ್ತಾಳೆ, ಮಗನ ರೇಡಿಯೋ ಕೇಳುತ್ತಿರುತ್ತದೆ. ಗೇಟು ತೆರೆದೇ ಇರುತ್ತದೆ, ಸೀದಾ ಒಳಗೆ ಹೋಗಬಹುದು. ನಾನು ಹೋಗುವುದಿಲ್ಲ. ಹೊರಗೆ ನಿಂತು ಚಿಲಕ ಎರಡು ಸಲ ಬಡಿದು, ಒಳಗಿನಿಂದ "ಬಂದ್ಯಾ?" ಎಂಬ ದನಿ ಬರುವವರೆಗೆ ಕಾಯುತ್ತೇನೆ. ಅಮ್ಮನಿಗೆ ಈಚೆಗೆ ಕಿವಿ ಮಂದವಾಗಿದೆ, ಮಳೆ ಜೋರಾಗಿದ್ದರೆ ಮೂರನೇ ಸಲವೂ ಬಡಿಯುತ್ತೇನೆ.